ವೃದ್ಧರ ಆರೈಕೆ ಕೇಂದ್ರದಲ್ಲಿ ಔಷಧಿ ಎಲ್ಲಿಡಬೇಕು, ಹೇಗಿಡಬೇಕು: ಆಯ್ಕೆಗಳ ಒಂದು ಹೋಲಿಕೆ

ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಔಷಧಿಗಳನ್ನು ಎಲ್ಲಿಡಬೇಕೆಂಬ ಚರ್ಚೆ ಸಾಮಾನ್ಯವಾಗಿ ಕಪಾಟಿನ ಗಾತ್ರ, ಬೀಗದ ಗಟ್ಟಿತನ, ಟ್ರಾಲಿಯ ಮಾದರಿ ಇವುಗಳಿಂದ ಆರಂಭವಾಗುತ್ತದೆ. ಕೊಳ್ಳುವ ವಸ್ತುವಿನಿಂದ ಯೋಚನೆ ಶುರು ಮಾಡಿದರೆ ಆಯ್ಕೆ ತಪ್ಪುವ ಸಂಭವವೇ ಹೆಚ್ಚು. ಔಷಧಿ ಇಡುವ ಜಾಗಕ್ಕೆ ಒಂದಕ್ಕೊಂದು ವಿರುದ್ಧವಾದ ಎರಡು ಹೊಣೆಗಳಿವೆ: ಬೇಡದ ಕೈಗೆ ಅದು ಎಂದೂ ಸಿಗಬಾರದು, ಬೇಕಾದ ಕೈಗೆ ಬೇಕಾದ ಹೊತ್ತಿನಲ್ಲಿ ತಡವಿಲ್ಲದೆ ಸಿಗಬೇಕು. ಬೀಗ ಬಿಗಿಯಾದಷ್ಟೂ ಮೊದಲನೆಯದು ಸುಲಭವಾಗುತ್ತದೆ, ಎರಡನೆಯದು ಕಷ್ಟವಾಗುತ್ತದೆ. ಎರಡನೆಯದು ತೀರಾ ಕಷ್ಟವಾದಾಗ ಸಿಬ್ಬಂದಿ ಅಡ್ಡದಾರಿ ಹಿಡಿಯುತ್ತಾರೆ; ಕಪಾಟಿನ ಬಾಗಿಲನ್ನು ತೆರೆದೇ ಬಿಡುವುದು, ಬೀಗದ ಕೈಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟು ಹೋಗುವುದು, ಮಾತ್ರೆಗಳನ್ನು ಮೊದಲೇ ಬಿಡಿಸಿ ಬಟ್ಟಲುಗಳಲ್ಲಿ ಜೋಡಿಸಿಡುವುದು ಮುಂತಾದವು ರೂಢಿಗೆ ಬರುವುದು ಹೀಗೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಅದರ ಅತ್ಯಂತ ಕಷ್ಟದ ಗಳಿಗೆಯಲ್ಲಿ, ಎಂದರೆ ಸಿಬ್ಬಂದಿ ಕಡಿಮೆ ಇರುವ ರಾತ್ರಿ ಪಾಳಿಯಲ್ಲಿ, ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿ ಅಳೆದಿದ್ದೇನೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೈಬಿಟ್ಟಿಲ್ಲ: ಒಂದು ಮಾತ್ರೆ ಕಾಣೆಯಾದರೆ ಅಥವಾ ಒಂದು ಬಾಟಲಿ ಕೆಟ್ಟರೆ, ಆ ಸಂಗತಿ ಎಷ್ಟು ಹೊತ್ತಿನಲ್ಲಿ ಗೊತ್ತಾಗುತ್ತದೆ?

ಈ ವಿಷಯಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಇಂಗ್ಲೆಂಡಿನ 55 ಆರೈಕೆ ಕೇಂದ್ರಗಳ 256 ನಿವಾಸಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬೊಬ್ಬ ನಿವಾಸಿಯೂ ಸರಾಸರಿ 8 ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದರು ಮತ್ತು ಅವರಲ್ಲಿ ಸುಮಾರು ಶೇಕಡಾ 70 ಮಂದಿಯ ವಿಷಯದಲ್ಲಿ ಕನಿಷ್ಠ ಒಂದಾದರೂ ತಪ್ಪು ಕಂಡುಬಂದಿತ್ತು. ವೈದ್ಯರು ಬರೆಯುವಾಗಿನ, ಔಷಧಾಲಯ ಕಟ್ಟಿಕೊಡುವಾಗಿನ, ನಿಗಾ ಇಡುವಾಗಿನ ತಪ್ಪುಗಳೂ ಅದರಲ್ಲಿ ಸೇರಿವೆ. ಎಲ್ಲವನ್ನೂ ಸಂಗ್ರಹಣೆಯ ತಲೆಗೆ ಕಟ್ಟುವಂತಿಲ್ಲ. ಆದರೂ ಆ ಸರಪಳಿಯಲ್ಲಿ ಸಂಗ್ರಹಣೆಯಷ್ಟು ಪೂರ್ತಿಯಾಗಿ ಕೇಂದ್ರದ ಸ್ವಂತ ಹಿಡಿತದಲ್ಲಿರುವ ಕೊಂಡಿ ಮತ್ತೊಂದಿಲ್ಲ. ಇಲ್ಲಿ ಹೇಳುವ ಯಾವ ಮಾತೂ ಆಯಾ ದೇಶದ ಕಾನೂನಿಗಿಂತ ಮೇಲಲ್ಲ, ಔಷಧಿಯ ಪೊಟ್ಟಣದ ಮೇಲೆ ತಯಾರಕರು ಮುದ್ರಿಸಿದ ಸೂಚನೆಗಿಂತಲೂ ಮೇಲಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದೇ ಔಷಧ ಕೋಣೆ, ಓಡಾಡುವ ಟ್ರಾಲಿ, ನಿವಾಸಿಯ ಸ್ವಂತ ಕಪಾಟು

ಮೊದಲ ಆಯ್ಕೆ ಇಡೀ ಕೇಂದ್ರಕ್ಕೆ ಒಂದೇ ಔಷಧ ಕೋಣೆ. ಬೀಗ ಒಂದೇ, ಉಷ್ಣಾಂಶ ನೋಡುವ ಜಾಗ ಒಂದೇ, ದಾಸ್ತಾನು ಎಣಿಸುವ ಜಾಗವೂ ಒಂದೇ ಆದ್ದರಿಂದ ಮೇಲ್ವಿಚಾರಣೆಗೆ ಇದರಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಕೋಣೆಯನ್ನು ಆರಿಸುವಾಗ ಅಡುಗೆಮನೆ, ಸ್ನಾನದ ಮನೆ, ಬಟ್ಟೆ ಒಗೆಯುವ ಕೋಣೆ ಇವುಗಳ ಪಕ್ಕವನ್ನೂ ಬಿಸಿನೀರಿನ ಕೊಳವೆ ಹಾದುಹೋಗುವ ಗೋಡೆಯನ್ನೂ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕಿಟಕಿಯನ್ನೂ ಬಿಡಬೇಕು. ಕೋಣೆಯ ಉಷ್ಣಾಂಶದಲ್ಲಿಡಬೇಕಾದ ಔಷಧಿಗಳ ಪೊಟ್ಟಣಗಳ ಮೇಲೆ 25 ಅಥವಾ 30 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ಗಾಳಿ ಆಡದ, ಕಿಟಕಿಯಿಲ್ಲದ ಉಗ್ರಾಣದಂಥ ಕೋಣೆ ಬೇಸಗೆಯಲ್ಲಿ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿದರೆ ಸಾಲದು, ದಿನಕ್ಕೊಮ್ಮೆಯಾದರೂ ಅದನ್ನು ನೋಡಿ ಬರೆದಿಡುವವರು ಯಾರೆಂಬುದು ಹೆಸರು ಸಮೇತ ನಿಗದಿಯಾಗಿರಬೇಕು.

ಕೇಂದ್ರೀಯ ಕೋಣೆಯ ದೊಡ್ಡ ದೌರ್ಬಲ್ಯ ದೂರ. ಉದ್ದದ ಮೊಗಸಾಲೆಯ ತುದಿಯಲ್ಲಿರುವ ನಿವಾಸಿಗೆ ಮಾತ್ರೆ ಕೊಟ್ಟು, ಮತ್ತೆ ಕೋಣೆಗೆ ಬಂದು, ಮುಂದಿನವರ ಮಾತ್ರೆ ತೆಗೆದುಕೊಂಡು ಹೋಗುವುದು ಕಾಗದದ ಮೇಲೆ ಮಾತ್ರ ನಡೆಯುವ ಕೆಲಸ. ವಾಸ್ತವದಲ್ಲಿ ನರ್ಸ್ ಏಳೆಂಟು ಮಂದಿಯ ಮಾತ್ರೆಗಳನ್ನು ಒಟ್ಟಿಗೆ ಬಿಡಿಸಿ, ಹೆಸರು ಬರೆದ ಚೀಟಿ ಇಟ್ಟ ಬಟ್ಟಲುಗಳಲ್ಲಿ ಹಾಕಿ, ತಟ್ಟೆಯಲ್ಲಿಟ್ಟುಕೊಂಡು ಹೊರಡುತ್ತಾರೆ. ಆ ಗಳಿಗೆಯಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಅವಧಿ ಎಲ್ಲವೂ ಕೋಣೆಯಲ್ಲೇ ಉಳಿಯುತ್ತವೆ. ಕೈಯಲ್ಲಿರುವುದು ಒಂದಷ್ಟು ಬಿಳಿ ಗುಂಡು ಗುಳಿಗೆಗಳು ಮತ್ತು ಜಾರಿ ಬೀಳಬಹುದಾದ ಒಂದು ಚೀಟಿ ಮಾತ್ರ. ಬೀಗ ಎಷ್ಟು ಗಟ್ಟಿಯಾಗಿದ್ದರೂ ಈ ಅಭ್ಯಾಸ ಬೆಳೆದ ಕೇಂದ್ರದಲ್ಲಿ ಔಷಧಿ ಸುರಕ್ಷಿತವಾಗಿದೆ ಎಂದು ನಾನು ಒಪ್ಪಲಾರೆ.

ಟ್ರಾಲಿ ಹುಟ್ಟಿಕೊಂಡದ್ದೇ ಈ ದೂರವನ್ನು ನೀಗಿಸಲು. ಮೂಲ ಪೊಟ್ಟಣ, ಔಷಧ ದಾಖಲೆಯ ಹಾಳೆ ಮತ್ತು ನಿವಾಸಿ ಈ ಮೂರೂ ಒಂದೇ ಜಾಗದಲ್ಲಿ ಸೇರುವುದರಿಂದ ಹೆಸರನ್ನು ಕೊನೆಯ ಗಳಿಗೆಯಲ್ಲಿ ಹೋಲಿಸಿ ನೋಡಲು ಸಾಧ್ಯವಾಗುತ್ತದೆ. ಆದರೆ ಟ್ರಾಲಿಯ ಸುರಕ್ಷತೆ ಪೂರ್ತಿಯಾಗಿ ಅದರ ಪಕ್ಕದಲ್ಲಿ ನಿಂತವರ ಮೇಲೆ ನಿಂತಿದೆ. ರಾತ್ರಿ ಎಂಟಕ್ಕೆ ಔಷಧಿ ಕೊಡುವ ಸುತ್ತು ನಡೆಯುತ್ತಿದೆ ಎಂದುಕೊಳ್ಳಿ. ಮುಚ್ಚಳ ತೆರೆದಿದೆ, ಮೂರನೆಯ ಖಾನೆಯಿಂದ ರಕ್ತದೊತ್ತಡದ ಮಾತ್ರೆಯ ಪೊಟ್ಟಣವನ್ನು ಹೊರತೆಗೆದು ಹಾಳೆಯ ಮೇಲಿಟ್ಟಾಗಿದೆ. ಅಷ್ಟರಲ್ಲಿ ಎದುರಿನ ಕೋಣೆಯಿಂದ ಯಾರೋ ಬಿದ್ದ ಸದ್ದು ಕೇಳುತ್ತದೆ. ನರ್ಸ್ ಓಡುತ್ತಾರೆ, ಓಡಲೇಬೇಕು. ಮೊಗಸಾಲೆಯಲ್ಲಿ ಟ್ರಾಲಿ ತೆರೆದ ಬಾಯಿಯಲ್ಲೇ ನಿಂತಿರುತ್ತದೆ, ಮರೆವಿನ ಕಾಯಿಲೆಯ ನಿವಾಸಿಯೊಬ್ಬರು ಎಂದಿನಂತೆ ಗೋಡೆ ಹಿಡಿದು ಅದೇ ದಾರಿಯಲ್ಲಿ ನಡೆದು ಬರುತ್ತಿರುತ್ತಾರೆ. ಇದನ್ನು ಸಿಬ್ಬಂದಿಯ ಅಲಕ್ಷ್ಯವೆಂದು ಕರೆಯುವುದು ಅನ್ಯಾಯ. ಮುಚ್ಚಳ ಎಳೆದ ಕೂಡಲೇ ತಾನಾಗಿ ಬೀಗ ಬೀಳುವ ಟ್ರಾಲಿಯನ್ನು ಆರಿಸದಿದ್ದುದು ಇಲ್ಲಿನ ನಿಜವಾದ ಕೊರತೆ. ಟ್ರಾಲಿ ಕೊಳ್ಳುವಾಗ ಒಂದೇ ಕೈಯಿಂದ, ಒಂದೇ ಚಲನೆಯಲ್ಲಿ ಅದನ್ನು ಮುಚ್ಚಲು ಬರುತ್ತದೆಯೇ ಎಂಬುದನ್ನು ಖಾನೆಗಳ ಸಂಖ್ಯೆಗಿಂತ ಮೊದಲು ನೋಡಬೇಕು. ಸುತ್ತು ಮುಗಿದ ಮೇಲೆ ಅದು ಬೀಗ ಹಾಕಿದ ಕೋಣೆಯೊಳಗೆ ಹೋಗಬೇಕು, ಇಲ್ಲವೇ ಗೋಡೆಗೆ ಸರಪಳಿಯಿಂದ ಬಿಗಿದಿರಬೇಕು. ಚಕ್ರವಿರುವ ವಸ್ತುವನ್ನು ಇಡಿಯಾಗಿಯೇ ತಳ್ಳಿಕೊಂಡು ಹೋಗಬಹುದು. ಮಾರ್ಫಿನ್‌ನಂಥ ನಿಯಂತ್ರಿತ ಔಷಧಿಗಳಿಗೂ ಫ್ರಿಜ್‌ನಲ್ಲಿರಬೇಕಾದವಕ್ಕೂ ಟ್ರಾಲಿಯಲ್ಲಿ ಜಾಗವಿಲ್ಲ.

ಮೂರನೆಯದು ಪ್ರತಿ ನಿವಾಸಿಯ ಕೋಣೆಯಲ್ಲೇ ಬೀಗವಿರುವ ಸಣ್ಣ ಕಪಾಟು. ಒಬ್ಬರ ಔಷಧಿ ಇನ್ನೊಬ್ಬರ ಕೈಗೆ ಹೋಗುವ ತಪ್ಪನ್ನು ಇದರಷ್ಟು ಚೆನ್ನಾಗಿ ತಡೆಯುವ ವ್ಯವಸ್ಥೆ ಬೇರೊಂದಿಲ್ಲ, ಏಕೆಂದರೆ ಆ ಕಪಾಟಿನಲ್ಲಿ ಇನ್ನೊಬ್ಬರ ಔಷಧಿ ಇರುವುದೇ ಇಲ್ಲ. ಮೊಗಸಾಲೆಯಲ್ಲಿ ನಿಂತ ನರ್ಸ್‌ಗೆ ದಾರಿಹೋಕರೆಲ್ಲ ಏನಾದರೂ ಕೇಳುತ್ತಾರೆ. ಕೋಣೆಯೊಳಗೆ ಬಾಗಿಲು ಮುಚ್ಚಿ ಕೊಡುವಾಗ ಆ ಅಡಚಣೆ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ದಶಕಗಳ ಕಾಲ ತಮ್ಮ ಮಾತ್ರೆಯನ್ನು ತಾವೇ ತೆಗೆದುಕೊಂಡವರು ಆರೈಕೆ ಕೇಂದ್ರಕ್ಕೆ ಬಂದ ಮಾತ್ರಕ್ಕೆ ಸಾಲಿನಲ್ಲಿ ಕಾಯುವವರಾಗಬೇಕಿಲ್ಲ. ಉಸಿರಾಟದ ಇನ್‌ಹೇಲರ್, ಎದೆನೋವಿಗೆ ನಾಲಿಗೆಯಡಿ ಬಳಸುವ ಔಷಧಿ, ಕಣ್ಣಿನ ಹನಿ ಇವುಗಳನ್ನು ಸಮರ್ಥರಾದ ನಿವಾಸಿಗಳು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಅವರ ಘನತೆಯ ಮಾತು, ಹಾಗೆಯೇ ಕೆಲವೊಮ್ಮೆ ಪ್ರಾಣದ ಮಾತು ಕೂಡ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೂವತ್ತು ಕೋಣೆಗಳಿದ್ದರೆ ಮೂವತ್ತು ಸಣ್ಣ ಉಗ್ರಾಣಗಳು, ಮೂವತ್ತು ಬೀಗಗಳು, ಮೂವತ್ತು ಕಡೆ ಅವಧಿ ಮೀರಿದ ಬಾಟಲಿಗಳನ್ನು ಹುಡುಕುವ ಕೆಲಸ. ಬಿಸಿಲಿನ ಕಡೆಗಿರುವ ಕೋಣೆಗಳಲ್ಲಿ ಉಷ್ಣಾಂಶದ ಮೇಲೆ ಹಿಡಿತವೂ ಕಡಿಮೆ. ಜೊತೆಗೆ ನಿವಾಸಿ ತಾನೇ ಔಷಧಿ ನೋಡಿಕೊಳ್ಳಬಲ್ಲರೇ ಎಂಬ ಮೌಲ್ಯಮಾಪನ ಒಮ್ಮೆ ಮಾಡಿ ಕಡತದಲ್ಲಿಟ್ಟು ಮರೆಯುವಂಥದ್ದಲ್ಲ. ಆಸ್ಪತ್ರೆಯಿಂದ ಮರಳಿದಾಗ, ಹೊಸ ಔಷಧಿ ಸೇರಿದಾಗ, ಜ್ವರ ಬಂದು ಗೊಂದಲ ಕಾಣಿಸಿಕೊಂಡಾಗ ಮತ್ತೆ ಮಾಡಬೇಕಾಗುತ್ತದೆ. ಪೂರ್ತಿ ಸ್ವತಂತ್ರ ಅಥವಾ ಪೂರ್ತಿ ಪರಾಧೀನ ಎಂಬ ಎರಡೇ ದಾರಿಗಳಿವೆ ಎಂದುಕೊಳ್ಳಬಾರದು. ಬೀಗದ ಕೈ ಸಿಬ್ಬಂದಿಯ ಬಳಿ ಇದ್ದು, ಮಾತ್ರೆ ಬಿಡಿಸಿಕೊಳ್ಳುವುದು ನಿವಾಸಿಯೇ ಆಗಿರುವ ನಡುವಿನ ಹಂತ ಅನೇಕರಿಗೆ ಸರಿಹೊಂದುತ್ತದೆ.

ಈ ಮೂರರಲ್ಲಿ ಆರಿಸಬೇಕಾದಾಗ ನನ್ನ ಒಲವು ನಿವಾಸಿಯ ಕೋಣೆಯ ಕಪಾಟಿನ ಕಡೆಗೆ. ಹೆಚ್ಚುವರಿ ದಾಸ್ತಾನು, ನಿಯಂತ್ರಿತ ಔಷಧಿ ಮತ್ತು ಫ್ರಿಜ್ ಮಾತ್ರ ಕೇಂದ್ರೀಯ ಕೋಣೆಯಲ್ಲಿರಬೇಕು. ನಿವಾಸಿಗಳಲ್ಲಿ ಬಹುಪಾಲು ಮಂದಿಗೆ ಮರೆವಿನ ಕಾಯಿಲೆ ಇದ್ದು ಅವರು ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಓಡಾಡುವಂಥ ಕೇಂದ್ರವಾದರೆ, ತಾನಾಗಿ ಬೀಗ ಬೀಳುವ ಟ್ರಾಲಿ ಹೆಚ್ಚು ಕ್ಷೇಮ. ಕೇಂದ್ರೀಯ ಕೋಣೆಯೊಂದನ್ನೇ ನೆಚ್ಚುವುದು ಹತ್ತು ಹನ್ನೆರಡು ಮಂದಿಯಿರುವ, ಎಲ್ಲ ಕೋಣೆಗಳೂ ಹತ್ತಿರ ಹತ್ತಿರವಿರುವ ಮನೆಗೆ ಮಾತ್ರ ಹೊಂದುತ್ತದೆ.

ಮೂಲ ಪೊಟ್ಟಣವೇ, ಹೊತ್ತಿಗೊಂದು ಗೂಡಿನ ಬ್ಲಿಸ್ಟರ್ ಪ್ಯಾಕೇ

ಜಾಗ ನಿರ್ಧಾರವಾದ ಮೇಲೆ ಬರುವ ಪ್ರಶ್ನೆ ಔಷಧಿ ಯಾವ ರೂಪದಲ್ಲಿ ಒಳಗೆ ಕೂರುತ್ತದೆ ಎಂಬುದು. ಔಷಧಾಲಯವು ವಾರ ಅಥವಾ ತಿಂಗಳ ಮಾತ್ರೆಗಳನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ಗೂಡುಗಳಲ್ಲಿ ತುಂಬಿ ಕಳಿಸುವ ಬ್ಲಿಸ್ಟರ್ ಪ್ಯಾಕ್ ನೋಡಲು ಅಚ್ಚುಕಟ್ಟು. ಗೂಡು ಖಾಲಿಯಾಗಿದ್ದರೆ ಕೊಟ್ಟಾಗಿದೆ, ತುಂಬಿದ್ದರೆ ಕೊಟ್ಟಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ, ಸುತ್ತು ಬೇಗ ಮುಗಿಯುತ್ತದೆ, ಕಪಾಟಿನಲ್ಲಿ ಜಾಗವೂ ಕಡಿಮೆ ಸಾಕು. ಅನೇಕ ಕೇಂದ್ರಗಳು ಇದನ್ನೇ ಸುರಕ್ಷತೆಯ ಗುರುತೆಂದು ತಿಳಿದಿರುವುದು ಸಹಜವೇ ಆಗಿದೆ.

ನಾನು ಅದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ, ಕಾರಣ ಸಂಗ್ರಹಣೆಗೆ ಸಂಬಂಧಿಸಿದ್ದು. ಔಷಧಿಯ ಬಾಳಿಕೆಯ ಅವಧಿಯನ್ನು ತಯಾರಕರು ಲೆಕ್ಕ ಹಾಕಿರುವುದು ಅವರು ಕೊಟ್ಟ ಮೂಲ ಪೊಟ್ಟಣದಲ್ಲಿ. ಅಲ್ಲಿಂದ ಬಿಡಿಸಿ ಬೇರೆ ಗೂಡಿಗೆ ಹಾಕಿದ ಕ್ಷಣದಿಂದ ಆ ಭರವಸೆ ಉಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಬಾಟಲಿಯಲ್ಲಿ ಬಂದ ದಬಿಗಟ್ರಾನ್ ಕ್ಯಾಪ್ಸೂಲ್‌ಗೆ ತೇವ ತಗುಲಿದರೆ ಅದರ ಶಕ್ತಿ ಕುಂದುತ್ತದೆ, ಆದ್ದರಿಂದ ಅದು ಅದೇ ಬಾಟಲಿಯಲ್ಲಿರಬೇಕು ಮತ್ತು ತೆರೆದ 4 ತಿಂಗಳೊಳಗೆ ಬಳಕೆಯಾಗಬೇಕು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಬಿಗಿ ಮುಚ್ಚಳದ ಗಾಜಿನ ಸೀಸೆಯನ್ನು ಬಿಟ್ಟರೆ ಸತ್ವ ಕಳೆದುಕೊಳ್ಳುತ್ತದೆ. ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ನೊರೆ ಬಂದು ಕರಗುವ ಮಾತ್ರೆಗಳೂ ಬಾಯಲ್ಲೇ ಕರಗುವ ಮಾತ್ರೆಗಳೂ ಗೂಡಿನಲ್ಲಿ ಇಡತಕ್ಕವಲ್ಲ. ಸಂಧಿವಾತದಂಥ ಕಾಯಿಲೆಗೆ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಬೇರೆಯದೇ ಎಚ್ಚರಿಕೆ ಬೇಡುತ್ತದೆ. ಅದನ್ನು ತಪ್ಪಾಗಿ ದಿನವೂ ಕೊಟ್ಟು ಪ್ರಾಣಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅದು ಇತರ ಮಾತ್ರೆಗಳ ಗುಂಪಿನಿಂದ ದೂರ, ವಾರದ ಯಾವ ದಿನ ಎಂದು ದೊಡ್ಡದಾಗಿ ಬರೆದ ತನ್ನದೇ ಪೊಟ್ಟಣದಲ್ಲಿರಬೇಕು.

ಬೇಕೆನಿಸಿದಾಗ ಮಾತ್ರ ಕೊಡುವ ನೋವಿನ ಮಾತ್ರೆ, ರಕ್ತಪರೀಕ್ಷೆಗೆ ತಕ್ಕಂತೆ ಪ್ರಮಾಣ ಬದಲಾಗುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಸಿರಪ್, ಇನ್‌ಹೇಲರ್, ಕಣ್ಣಿನ ಹನಿ ಇವೂ ಬ್ಲಿಸ್ಟರಿಗೆ ಬರುವುದಿಲ್ಲ. ಹೀಗಾಗಿ ಬ್ಲಿಸ್ಟರ್ ಆರಿಸಿದ ಕೇಂದ್ರದಲ್ಲಿ ಕೊನೆಗೆ ಎರಡು ವ್ಯವಸ್ಥೆಗಳು ಪಕ್ಕಪಕ್ಕದಲ್ಲಿ ನಡೆಯುತ್ತವೆ, ಗಮನವೆಲ್ಲ ಅಚ್ಚುಕಟ್ಟಾದ ಮೊದಲನೆಯದರ ಕಡೆ ಹೋಗಿ ಎರಡನೆಯದು ಡ್ರಾಯರಿನ ಮೂಲೆ ಸೇರುತ್ತದೆ. ಮೇಲೆ ಹೇಳಿದ ಇಂಗ್ಲೆಂಡಿನ ಅಧ್ಯಯನದ ಮಾಹಿತಿಯನ್ನು ಮುಂದೆ ವಿಶ್ಲೇಷಿಸಿದಾಗ ಗೂಡುಗಳಲ್ಲಿ ಬಂದ ಮಾತ್ರೆಗಳಿಗಿಂತ ದ್ರವ ಔಷಧಿಗಳಲ್ಲೂ, ಅದಕ್ಕಿಂತ ಬಹಳ ಹೆಚ್ಚಾಗಿ ಇನ್‌ಹೇಲರ್‌ಗಳಲ್ಲೂ ತಪ್ಪುಗಳು ಕಂಡಿದ್ದವು. ಬ್ಲಿಸ್ಟರಿನ ಪರ ವಾದಿಸುವವರು ಇದನ್ನು ಗೂಡಿನ ಹಿರಿಮೆಯೆಂದು ಓದಬಹುದು. ಗೂಡಿಗೆ ಬಾರದ ಔಷಧಿಗಳಿಗೆ ಹೆಚ್ಚಿನ ಗಮನ ಬೇಕೆಂಬುದು ಅದರಿಂದ ಹೊರಡುವ ಇನ್ನೂ ಉಪಯುಕ್ತವಾದ ಪಾಠವೆಂದು ನನಗೆ ತೋರುತ್ತದೆ.

ವೈದ್ಯರು ಬುಧವಾರ ಒಂದು ಮಾತ್ರೆಯನ್ನು ನಿಲ್ಲಿಸಿದರೆಂದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ಮೂಲ ಪೊಟ್ಟಣವಾದರೆ ಆ ಡಬ್ಬಿಯನ್ನು ತೆಗೆದು ವಾಪಸಿನ ಪೆಟ್ಟಿಗೆಗೆ ಹಾಕಿದರಾಯಿತು. ಒಂದೇ ಗೂಡಿನಲ್ಲಿ ಐದಾರು ಬಗೆಯ ಮಾತ್ರೆಗಳು ಬೆರೆತಿದ್ದರೆ ಅವುಗಳಲ್ಲಿ ನಿಲ್ಲಿಸಬೇಕಾದುದು ಯಾವುದೆಂದು ಗುರುತಿಸಬೇಕು, ಪ್ರತಿ ಗೂಡನ್ನೂ ಒಡೆಯಬೇಕು. ಸರಿಯಾದ ಕ್ರಮವೆಂದರೆ ಇಡೀ ಪ್ಯಾಕನ್ನು ಔಷಧಾಲಯಕ್ಕೆ ಹಿಂತಿರುಗಿಸಿ ಹೊಸದನ್ನು ತರಿಸುವುದು. ಅದು ಬರುವವರೆಗಿನ ಒಂದೆರಡು ದಿನವೇ ಅಪಾಯದ ಅವಧಿ. ಆದುದರಿಂದ ಸಿಬ್ಬಂದಿಯೇ ಔಷಧಿ ಕೊಡುವ ಕಡೆ ಮೂಲ ಪೊಟ್ಟಣ, ತಾವೇ ತೆಗೆದುಕೊಳ್ಳುವ ಆದರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಮರೆವು ಕಾಡುವ ನಿವಾಸಿಗೆ ಬ್ಲಿಸ್ಟರ್ ಎಂಬ ಹಂಚಿಕೆ ನನಗೆ ನ್ಯಾಯವೆನಿಸುತ್ತದೆ. ಬ್ಲಿಸ್ಟರನ್ನೇ ಮುಂದುವರಿಸುವುದಾದರೆ ಗೂಡಿಗೆ ಒಂದೇ ಔಷಧಿಯಿರುವ ಬಗೆಯನ್ನು ಕೇಳಿ ಪಡೆಯುವುದು ಮೇಲು.

ಫ್ರಿಜ್: ಮನೆಬಳಕೆಯದೇ, ಔಷಧಿಗೆಂದೇ ಮಾಡಿದ್ದೇ

ಬಳಕೆಗೆ ತೆಗೆಯದ ಇನ್ಸುಲಿನ್, ಕೆಲವು ಕಣ್ಣಿನ ಹನಿಗಳು, ಲಸಿಕೆಗಳು, ನೀರು ಬೆರೆಸಿ ತಯಾರಿಸಿದ ಕೆಲವು ಆಂಟಿಬಯಾಟಿಕ್ ದ್ರಾವಣಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮನೆಬಳಕೆಯ ಫ್ರಿಜ್ ಹಾಲು ಹಣ್ಣುಗಳಿಗೆ ಸಾಕಾಗುವಷ್ಟು ತಂಪನ್ನು ಕೊಡುತ್ತದೆ, ಆದರೆ ಅದರೊಳಗೆ ತಂಪು ಎಲ್ಲ ಕಡೆ ಒಂದೇ ಸಮನಾಗಿ ಹರಡಿರುವುದಿಲ್ಲ. ಬಾಗಿಲಿನ ಅಡ್ಡಪಟ್ಟಿ ಪ್ರತಿ ಸಲ ತೆರೆದಾಗಲೂ ಬೆಚ್ಚಗಾಗುತ್ತದೆ, ಹಿಂಬದಿಯ ಗೋಡೆ ಹಿಮಗಟ್ಟುವಷ್ಟು ತಣ್ಣಗಿರುತ್ತದೆ.

ಹಿಂಬದಿಯ ಗೋಡೆಗೆ ತಾಗಿ ನಿಂತ ಇನ್ಸುಲಿನ್ ಸೀಸೆಯ ಗತಿಯನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ರಾತ್ರಿ ಅದು ಹೆಪ್ಪುಗಟ್ಟುತ್ತದೆ, ಬೆಳಗ್ಗೆ ಫ್ರಿಜ್‌ನ ಯಂತ್ರ ನಿಂತಾಗ ಮತ್ತೆ ಕರಗುತ್ತದೆ. ಎಂಟು ಗಂಟೆಗೆ ನರ್ಸ್ ಕೈಗೆತ್ತಿಕೊಂಡಾಗ ತಿಳಿಯಾದ ಇನ್ಸುಲಿನ್ ತಿಳಿಯಾಗಿಯೇ ಕಾಣಬಹುದು, ಸೀಸೆಯಲ್ಲಿ ಬಿರುಕಿಲ್ಲ, ಲೇಬಲ್ ಒದ್ದೆಯಾಗಿಲ್ಲ. ಆದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ, ಅದನ್ನು ಬಿಸಾಡಲೇಬೇಕು. ಸಕ್ಕರೆಯ ಮಟ್ಟ ಕಾರಣವಿಲ್ಲದೆ ಏರತೊಡಗಿದಾಗ ಎಲ್ಲರೂ ಊಟವನ್ನು ಅನುಮಾನಿಸುತ್ತಾರೆ, ಪ್ರಮಾಣವನ್ನು ಹೆಚ್ಚಿಸುತ್ತಾರೆ. ಮುಂದಿನ ವಾರ ಸರಿಯಾದ ಸೀಸೆ ಬಂದಾಗ ಅದೇ ಹೆಚ್ಚಿದ ಪ್ರಮಾಣದಿಂದ ಸಕ್ಕರೆ ಕುಸಿಯುವ ಸಾಧ್ಯತೆಯೂ ಇದೆ.

ಔಷಧಿಗೆಂದೇ ತಯಾರಾದ ಫ್ರಿಜ್‌ನಲ್ಲಿ ಒಳಗಿನ ಗಾಳಿಯನ್ನು ಫ್ಯಾನ್ ಎಲ್ಲ ಕಡೆ ತಿರುಗಿಸುತ್ತದೆ, ಹಿಮದ ಖಾನೆ ಇರುವುದಿಲ್ಲ, ಬೀಗವಿರುತ್ತದೆ, ಉಷ್ಣಾಂಶ ಮಿತಿ ಮೀರಿದರೆ ಗಂಟೆ ಬಾರಿಸುತ್ತದೆ. ಇನ್ಸುಲಿನ್ ಬಳಸುವ ನಿವಾಸಿಗಳು ಹಲವರಿದ್ದರೆ ಅಥವಾ ಲಸಿಕೆ ಇಡುವುದಾದರೆ ಇದನ್ನು ಬಿಟ್ಟು ಬೇರೆ ಯೋಚಿಸಬಾರದು. ಒಂದೆರಡು ಸೀಸೆಗಳಷ್ಟೇ ಇರುವ ಸಣ್ಣ ಮನೆಗೆ ಅದು ಸದ್ಯಕ್ಕೆ ಎಟುಕದಿದ್ದಲ್ಲಿ ಬೀಗವಿರುವ ಪ್ರತ್ಯೇಕ ಫ್ರಿಜ್, ನಡುವಿನ ತಟ್ಟೆ, ಗೋಡೆಗೆ ತಾಗದಂತೆ ಇಟ್ಟ ಜಾಲರಿ ಬುಟ್ಟಿ ಮತ್ತು ಕನಿಷ್ಠ ಗರಿಷ್ಠ ತೋರಿಸುವ ಥರ್ಮಾಮೀಟರ್ ಇವು ಇದ್ದರೆ ನಡೆಸಬಹುದು. ಯಾವುದೇ ಫ್ರಿಜ್ ಆದರೂ ಅದರೊಳಗೆ ಆಹಾರವನ್ನೂ ಪರೀಕ್ಷೆಗೆ ಕಳಿಸುವ ಮಾದರಿಗಳನ್ನೂ ಇಡಬಾರದು.

ಥರ್ಮಾಮೀಟರ್ ನೋಡಿ ಆ ಗಳಿಗೆಯ ಅಂಕಿಯನ್ನಷ್ಟೇ ಬರೆಯುವ ಅಭ್ಯಾಸ ಬಹಳ ಕಡೆ ಇದೆ. ಬೆಳಗ್ಗೆ ಒಂಬತ್ತಕ್ಕೆ 5 ಡಿಗ್ರಿ ಇತ್ತು ಎಂಬುದರಿಂದ ರಾತ್ರಿ ಎರಡಕ್ಕೆ ಎಷ್ಟಿತ್ತೆಂದು ತಿಳಿಯುವುದಿಲ್ಲ. ಹಿಂದಿನ ದಿನದಿಂದ ಈವರೆಗಿನ ಕನಿಷ್ಠ, ಗರಿಷ್ಠ ಎರಡನ್ನೂ ಬರೆದು, ಆಮೇಲೆ ಗುಂಡಿ ಒತ್ತಿ ಮರುಹೊಂದಿಸಬೇಕು. ಪ್ರತಿ ಕೆಲವು ನಿಮಿಷಕ್ಕೊಮ್ಮೆ ತಾನೇ ದಾಖಲಿಸುವ ಲಾಗರ್ ಯಂತ್ರ ಇದಕ್ಕಿಂತ ಉತ್ತಮ, ಯಾರಾದರೂ ಅದನ್ನು ತೆರೆದು ಓದುವುದಾದರೆ. ಮಿತಿ ಮೀರಿದ್ದು ಕಂಡಾಗ ಔಷಧಿಯನ್ನು ತಕ್ಷಣ ಬಿಸಾಡುವುದೂ ಬೇಡ, ಬಳಸುವುದೂ ಬೇಡ. ಬಳಸಬಾರದೆಂಬ ಚೀಟಿ ಅಂಟಿಸಿ, ಸರಿಯಾದ ತಂಪಿನಲ್ಲಿ ಬೇರೆಯಾಗಿಟ್ಟು, ಎಷ್ಟು ಹೊತ್ತು ಎಷ್ಟು ಡಿಗ್ರಿಯಲ್ಲಿತ್ತೆಂಬ ವಿವರದೊಂದಿಗೆ ಫಾರ್ಮಸಿಸ್ಟರನ್ನು ಕೇಳಬೇಕು.

ಬಳಕೆ ಶುರುವಾದ ಮೇಲೆ ಲೆಕ್ಕ ಬೇರೆ. ಹೆಚ್ಚಿನ ಇನ್ಸುಲಿನ್‌ಗಳನ್ನು ಕೋಣೆಯ ಉಷ್ಣಾಂಶದಲ್ಲಿ 28 ದಿನ ಬಳಸಬಹುದು, ಕೆಲವಕ್ಕೆ 42 ಅಥವಾ 56 ದಿನಗಳ ಅವಕಾಶವಿದೆ. ಗ್ಲಾಕೋಮಾಕ್ಕೆ ಬಳಸುವ ಲಟನೊಪ್ರಾಸ್ಟ್ ಹನಿಯನ್ನು ತೆರೆದ ನಂತರ ಹೊರಗಿಟ್ಟು 6 ವಾರ ಬಳಸಬಹುದು. ಆದ್ದರಿಂದ ತೆರೆದ ದಿನಾಂಕವನ್ನು ಸೀಸೆಯ ಮೇಲೆಯೇ ಬರೆಯಬೇಕು, ರಟ್ಟಿನ ಡಬ್ಬಿಯ ಮೇಲಲ್ಲ. ಡಬ್ಬಿ ಮೊದಲ ದಿನವೇ ಕಸದ ಬುಟ್ಟಿ ಸೇರುತ್ತದೆ. ಎಲ್ಲವನ್ನೂ ತಂಪಿನಲ್ಲಿಟ್ಟರೆ ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ನೀರು ಬೆರೆಸಿ ತಯಾರಿಸಿದ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ದ್ರಾವಣವನ್ನು ಫ್ರಿಜ್‌ನಲ್ಲಿಡಬಾರದು.

ನಿಯಂತ್ರಿತ ಔಷಧಿಗಳು: ಉಕ್ಕಿನ ಕಪಾಟು ಮತ್ತು ವಿದ್ಯುನ್ಮಾನ ಕಪಾಟು

ಮಾರ್ಫಿನ್, ಫೆಂಟನಿಲ್, ಆಕ್ಸಿಕೊಡೋನ್, ಮೆಥಡೋನ್ ಇವು 1961ರ ಮಾದಕ ವಸ್ತುಗಳ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಬರುವ ಔಷಧಿಗಳಾದ್ದರಿಂದ ಬಹುತೇಕ ದೇಶಗಳಲ್ಲಿ ಇವುಗಳ ಸಂಗ್ರಹಣೆಗೆ ಪ್ರತ್ಯೇಕ ಕಾನೂನೇ ಇದೆ. ಸಾಂಪ್ರದಾಯಿಕ ಉತ್ತರ ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಕಪಾಟು, ಅದರ ಹೊರಗೆ ಬೀಗವಿರುವ ಕೋಣೆ ಅಥವಾ ಇನ್ನೊಂದು ಬೀರು, ಪುಟಗಳಿಗೆ ಸಂಖ್ಯೆ ಹಾಕಿ ಹೊಲಿದ ದಾಖಲೆ ಪುಸ್ತಕ, ಪ್ರತಿ ನಮೂದಿಗೆ ಇಬ್ಬರ ಸಹಿ.

ಈ ಕಪಾಟಿನ ಬಲವೆಲ್ಲ ಪಾಳಿ ಬದಲಾಗುವಾಗಿನ ಎಣಿಕೆಯಲ್ಲಿದೆ. ಹೋಗುವವರು ಪುಸ್ತಕ ಓದುವುದು, ಬರುವವರು ಹೌದೆನ್ನುವುದು ಎಣಿಕೆಯಾಗುವುದಿಲ್ಲ. ಡಬ್ಬಿಯನ್ನು ತೆರೆದು, ಚುಚ್ಚುಮದ್ದು ತುಂಬಿದ ಸಣ್ಣ ಗಾಜಿನ ಸೀಸೆಗಳಾದ ಆಂಪ್ಯೂಲ್‌ಗಳನ್ನು ಒಂದೊಂದಾಗಿ ಕಣ್ಣಾರೆ ನೋಡಬೇಕು. ಮೇಲಿನ ಸಾಲು ತುಂಬಿದ್ದು ಕೆಳಗಿನ ಸಾಲು ಖಾಲಿಯಿರಬಹುದು, ತಲೆ ಮುರಿದ ಆಂಪ್ಯೂಲ್ ನೆಟ್ಟಗೆ ನಿಂತಿರಬಹುದು. ದ್ರವರೂಪದ ಮಾರ್ಫಿನ್‌ನಲ್ಲಿ ಸುರಿಯುವಾಗಿನ ಅಲ್ಪ ವ್ಯತ್ಯಾಸ ಸಹಜ, ಆದರೆ ಆ ವ್ಯತ್ಯಾಸ ಯಾವಾಗಲೂ ಒಂದೇ ಪಾಳಿಯ ನಂತರ ಕಾಣಿಸಿದರೆ ಪ್ರಶ್ನಿಸಬೇಕಾಗುತ್ತದೆ. ಈ ಕಪಾಟಿನ ಬೀಗದ ಕೈ ಉಳಿದ ಕೈಗಳ ಗೊಂಚಲಿನಲ್ಲಿ ಇರಬಾರದು, ಪಾಳಿಯ ಹೊಣೆ ಹೊತ್ತ ನರ್ಸ್‌ನ ಮೈಮೇಲೆಯೇ ಇರಬೇಕು, ಕೈ ಬದಲಾದ ಸಮಯ ದಾಖಲಾಗಬೇಕು.

ಬೆರಳಚ್ಚು ಅಥವಾ ಗುಪ್ತಸಂಖ್ಯೆಯಿಂದ ತೆರೆಯುವ ವಿದ್ಯುನ್ಮಾನ ಕಪಾಟು ಯಾರು, ಯಾವಾಗ, ಯಾವ ಖಾನೆ ತೆರೆದರೆಂಬುದನ್ನು ತಾನೇ ಬರೆದಿಡುತ್ತದೆ. ಬೀಗದ ಕೈ ಕಳೆದುಹೋಗುವ ಮಾತೇ ಇಲ್ಲ, ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅಂದೇ ರದ್ದುಪಡಿಸಬಹುದು. ಬದಲಿ ಸಿಬ್ಬಂದಿ ಹೆಚ್ಚಾಗಿ ಬಂದುಹೋಗುವ ದೊಡ್ಡ ಕೇಂದ್ರಕ್ಕೆ ಇದು ದೊಡ್ಡ ಲಾಭ. ಆದರೆ ಅದು ದಾಖಲಿಸುವುದು ಬಾಗಿಲು ತೆರೆದದ್ದನ್ನು. ಎರಡು ಮಾತ್ರೆ ತೆಗೆದು ಒಂದೆಂದು ಒತ್ತಿದರೆ ಅದಕ್ಕೆ ತಿಳಿಯುವುದು ಮುಂದಿನ ಎಣಿಕೆಯಲ್ಲಿ ಮಾತ್ರ. ಗುಪ್ತಸಂಖ್ಯೆಯನ್ನು ಹಂಚಿಕೊಂಡ ದಿನ ಇಡೀ ದಾಖಲೆ ಅರ್ಥ ಕಳೆದುಕೊಳ್ಳುತ್ತದೆ. ವಿದ್ಯುತ್ ಹೋದಾಗ ಬಾಗಿಲು ಹೇಗೆ ತೆರೆಯುತ್ತದೆ, ಆ ಬದಲಿ ಕೈ ಯಾರ ಬಳಿ ಇದೆ, ರಾತ್ರಿ ಕೆಟ್ಟರೆ ಯಾರು ಬಂದು ಸರಿಪಡಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಮಾರುವವರಿಂದ ಲಿಖಿತ ಉತ್ತರ ಸಿಗುವವರೆಗೆ ಕೊಳ್ಳಬಾರದು. ನೋವಿನಿಂದ ನರಳುತ್ತಿರುವವರ ಪಕ್ಕದಲ್ಲಿ ನಿಂತು ಯಂತ್ರ ಸರಿಹೋಗುವುದನ್ನು ಕಾಯುವ ಸ್ಥಿತಿ ಯಾರಿಗೂ ಬರಬಾರದು. ಇಂಥ ಔಷಧಿ ಬಳಸುವವರು ನಾಲ್ಕಾರು ಮಂದಿ ಮಾತ್ರ ಇರುವ ಕೇಂದ್ರಕ್ಕೆ ಒಳ್ಳೆಯ ಉಕ್ಕಿನ ಕಪಾಟೂ ಪ್ರಾಮಾಣಿಕ ಎಣಿಕೆಯೂ ಸಾಕು.

ತುರ್ತಿನವು, ಬೀಗದಾಚೆಯವು

ಸಕ್ಕರೆ ಕುಸಿದಾಗಿನ ಗ್ಲೂಕಗಾನ್, ತೀವ್ರ ಅಲರ್ಜಿಗೆ ಅಡ್ರಿನಲಿನ್ ಮುಂತಾದ ತುರ್ತು ಔಷಧಿಗಳಿಗೆ ಬೀಗಕ್ಕಿಂತ ಸಂಖ್ಯೆ ಮುದ್ರಿಸಿದ, ಎಳೆದರೆ ತುಂಡಾಗುವ ಪ್ಲಾಸ್ಟಿಕ್ ಮುದ್ರೆ ಹೆಚ್ಚು ಸೂಕ್ತ. ಸಿಬ್ಬಂದಿ ಮಾತ್ರ ಓಡಾಡುವ ಜಾಗದಲ್ಲಿ ಪೆಟ್ಟಿಗೆ ಇರಲಿ. ಮುದ್ರೆ ಒಡೆದಿದೆಯೇ ಎಂದು ಪಾಳಿಗೊಮ್ಮೆ ನೋಡಿದರೆ ಸಾಕು. ಹೊರಮೈಗೆ ಹಚ್ಚುವ ಮುಲಾಮುಗಳು ಒಳಗೆ ಸೇವಿಸುವವುಗಳಿಂದ ಬೇರೆ ತಟ್ಟೆಯಲ್ಲಿರಬೇಕು. ಪ್ಯಾರಫಿನ್ ಇರುವ ಚರ್ಮದ ಲೇಪನ ಬಟ್ಟೆ, ಹಾಸಿಗೆಗಳಲ್ಲಿ ಇಂಗಿದರೆ ಬೆಂಕಿ ಬೇಗ ಹತ್ತುತ್ತದೆ ಎಂಬುದನ್ನು, ವಿಶೇಷವಾಗಿ ಆಮ್ಲಜನಕದ ಸಿಲಿಂಡರ್ ಇರುವ ಕೋಣೆಗಳಲ್ಲಿ, ಮರೆಯುವಂತಿಲ್ಲ.

ಬೇಡವಾದ ಔಷಧಿ: ಹಿಂತಿರುಗಿಸುವುದೇ, ಕೇಂದ್ರದಲ್ಲೇ ನಾಶಮಾಡುವುದೇ

ಅವಧಿ ಮೀರಿದ, ನಿಲ್ಲಿಸಿದ, ನಿವಾಸಿ ನಿರಾಕರಿಸಿದ ಔಷಧಿಗಳು ಹೊರಗೆ ಹೋಗುವವರೆಗೂ ಅವುಗಳ ಸಂಗ್ರಹಣೆ ಕೇಂದ್ರದ ಹೊಣೆಯೇ. ಔಷಧಾಲಯಕ್ಕೋ ಪರವಾನಗಿ ಪಡೆದ ತ್ಯಾಜ್ಯ ಸಂಸ್ಥೆಗೋ ಹಿಂತಿರುಗಿಸುವ ದಾರಿ ಇದ್ದಲ್ಲಿ ಅದೇ ಉತ್ತಮ. ಹಾಗೆ ಕಳಿಸುವ ಪೆಟ್ಟಿಗೆ ಒಳಗೆ ಹಾಕಲು ಬರುವಂತೆಯೂ ಹೊರಗೆ ತೆಗೆಯಲು ಬಾರದಂತೆಯೂ ಇರಬೇಕು, ಬೀಗ ಹಾಕಿದ ಕೋಣೆಯಲ್ಲಿರಬೇಕು, ಹಾಕಿದ ಪ್ರತಿಯೊಂದರ ಹೆಸರು ಮತ್ತು ಸಂಖ್ಯೆ ಬರೆದಿರಬೇಕು. ನಿಯಂತ್ರಿತ ಔಷಧಿಗಳನ್ನು ಕೇಂದ್ರದಲ್ಲೇ ನಿಷ್ಕ್ರಿಯಗೊಳಿಸಲು ಕಾನೂನು ಒಪ್ಪುವ ಕಡೆ ಅದಕ್ಕೆಂದೇ ಮಾಡಿದ ಕಿಟ್‌ಗಳನ್ನು ಸಾಕ್ಷಿಯ ಎದುರು ಬಳಸಬಹುದು. ನೋವಿಗೆಂದು ಚರ್ಮಕ್ಕೆ ಅಂಟಿಸಿ, ಮೂರು ದಿನ ಮೈಮೇಲಿದ್ದು ತೆಗೆದ ಫೆಂಟನಿಲ್ ಪಟ್ಟಿಯಲ್ಲಿ ಇನ್ನೂ ಗಣನೀಯ ಪ್ರಮಾಣದ ಔಷಧಿ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಕೂಡಲೇ ಆ ಪೆಟ್ಟಿಗೆಗೆ ಹಾಕಬೇಕೇ ಹೊರತು ಕೋಣೆಯ ಕಸದ ಬುಟ್ಟಿಗಲ್ಲ. ನಿವಾಸಿ ತೀರಿಕೊಂಡಾಗ ಅವರ ಔಷಧಿಗಳನ್ನು ಅಂದೇ ಸಾಗಹಾಕುವುದೂ ಸರಿಯಲ್ಲ. ಸಾವಿನ ಬಗ್ಗೆ ವಿಚಾರಣೆ ನಡೆದರೆ ಬೇಕಾಗಬಹುದೆಂದು ಕೆಲವು ದೇಶಗಳ ಮಾರ್ಗಸೂಚಿಗಳು 7 ದಿನ ಇಟ್ಟುಕೊಳ್ಳಲು ಹೇಳುತ್ತವೆ. ಅಷ್ಟು ದಿನ ಅವು ಹೆಸರು, ದಿನಾಂಕ ಬರೆದ ಮುಚ್ಚಿದ ಚೀಲದಲ್ಲಿ, ಬಳಕೆಯ ಔಷಧಿಗಳಿಂದ ದೂರ, ಬೀಗದೊಳಗೆ ಇರಬೇಕು.